ನಡಾವಳಿಗೆ ಸೇರದ ಬೇಡಿಕೆಗಳು: ಮಕ್ಕಳ ಗ್ರಾಮಸಭೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ),

ಮಾನ್ಯರೇ,

ನವೆಂಬರ್ ಹತ್ತಿರ ಬಂದಂತೆ ಮಕ್ಕಳ ಗ್ರಾಮಸಭೆಯ ಸುತ್ತೋಲೆ ನಿಮ್ಮ ಮೇಜಿಗೆ ಬರುತ್ತದೆ. ಶಾಮಿಯಾನ ಏಳುತ್ತದೆ, ಬ್ಯಾನರ್ ಅಚ್ಚಾಗುತ್ತದೆ, ಮೈಕ್ ಬರುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಕಾಂಪೌಂಡ್ ಬೇಕು, ಶೌಚಾಲಯ ಬೇಕು, ಮೈದಾನ ಬೇಕು ಎನ್ನುತ್ತಾರೆ. ಕಾರ್ಯದರ್ಶಿ ಬರೆದುಕೊಳ್ಳುತ್ತಾರೆ. ನಡುವೆ ಯಾವುದೋ ಚಿಕ್ಕ ಮಗು ಎದ್ದು 'ಹಳ್ಳದ ಮೇಲೆ ಒಂದು ಉಯ್ಯಾಲೆ ಕಟ್ಟಿಸಿ' ಎನ್ನುತ್ತದೆ. ಇನ್ನೊಂದು 'ನಮ್ಮ ಬೀದಿ ದೀಪಕ್ಕೆ ಮಾತು ಬರಬೇಕು' ಎನ್ನುತ್ತದೆ. ಸಭೆ ನಗುತ್ತದೆ, ಅಧ್ಯಕ್ಷರೂ ನಗುತ್ತಾರೆ, ಕಾರ್ಯದರ್ಶಿಯ ಪೆನ್ನು ಅಲ್ಲಿ ಮಾತ್ರ ನಿಲ್ಲುತ್ತದೆ.

ಈ ಪತ್ರ ಆ ಪೆನ್ನು ನಿಂತ ಜಾಗದ ಬಗ್ಗೆ. ನಿಮ್ಮ ಇಡೀ ಸಭೆಯಲ್ಲಿ ಕ್ರಿಯಾ ಯೋಜನೆಗೆ, ಅಂದರೆ ವರ್ಷದ ಕಾಮಗಾರಿಗಳ ಪಟ್ಟಿಗೆ, ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾಹಿತಿ ಆ ನಗೆಯಲ್ಲಿ ಮುಚ್ಚಿಹೋದ ಮಾತುಗಳಲ್ಲೇ ಇರುತ್ತದೆ ಎಂಬುದು ನಮ್ಮ ವಾದ. ಅದನ್ನು ಹೊರತೆಗೆಯುವ ಬಗೆಯನ್ನೂ, ಎಲ್ಲೆಲ್ಲಿ ಎಡವಟ್ಟಾಗುತ್ತದೆ ಎಂಬುದನ್ನೂ ಮುಂದೆ ವಿವರವಾಗಿ ಬರೆದಿದ್ದೇವೆ.

ದೊಡ್ಡವರು ಗ್ರಾಮಸಭೆಗೆ ಬರುವಾಗ ಬೇಡಿಕೆಯನ್ನು ಅನುದಾನದ ಹೆಸರಿಗೆ ಹೊಂದಿಸಿಕೊಂಡೇ ಬರುತ್ತಾರೆ. ಸಿಸಿ ರಸ್ತೆ, ಬಾಕ್ಸ್ ಚರಂಡಿ, ಬೋರ್‌ವೆಲ್, ಹೈಮಾಸ್ಟ್. ಯಾವ ಹಣದಲ್ಲಿ ಏನು ಬರುತ್ತದೆ, ಯಾವ ಗುತ್ತಿಗೆದಾರ ಏನು ಮಾಡಬಲ್ಲ ಎಂಬುದು ಅವರಿಗೆ ಗೊತ್ತು. ಹಾಗಾಗಿ ನಿಜವಾದ ತೊಂದರೆ ಏನು ಎಂಬ ಮಾತು ಬಾಯಿಗೆ ಬರುವ ಮೊದಲೇ ಕಾಮಗಾರಿಯ ಹೆಸರು ಬಂದುಬಿಡುತ್ತದೆ. ಮಗುವಿಗೆ ಲೆಕ್ಕ ಶೀರ್ಷಿಕೆ ಗೊತ್ತಿಲ್ಲ. ಅದಕ್ಕೆ ಬೇಕಾದದ್ದನ್ನು ಚಿತ್ರವಾಗಿ ಕಂಡು ಚಿತ್ರವಾಗಿಯೇ ಹೇಳುತ್ತದೆ. ಊರು ಈಗ ಇರುವಂತೆಯೇ ಇರಬೇಕು ಎಂದು ಅದಕ್ಕೆ ಇನ್ನೂ ಯಾರೂ ಒಪ್ಪಿಸಿಲ್ಲ. ಪಂಚಾಯಿತಿ ಕಟ್ಟೆಯಲ್ಲಿ 'ಇದೆಲ್ಲ ಆಗೋ ಹೋಗೋ ಮಾತಲ್ಲ' ಎಂಬುದನ್ನು ಕೇಳಿ ಕೇಳಿ ಬೇಸತ್ತವರಿಗೆ ಭರವಸೆ ಎಲ್ಲಿಂದಾದರೂ ಬರಬೇಕಿದ್ದರೆ ಇಲ್ಲಿಂದಲೇ ಬರಬೇಕು.

ಆದರೆ ಚಿತ್ರವನ್ನು ಬಿಡಿಸಿ ಓದಬೇಕು. ಅದಕ್ಕೆ ಮೂರು ಪ್ರಶ್ನೆ ಸಾಕು. ಅದು ಬಂದರೆ ಏನಾಗುತ್ತೆ? ಈಗ ಏನಾಗುತ್ತಿದೆ, ಎಲ್ಲಿ, ಯಾವ ಹೊತ್ತಿನಲ್ಲಿ, ಯಾರಿಗೆ? ಅದು ಸಿಗದಿದ್ದರೆ ಬೇರೆ ಏನು ಸಿಕ್ಕರೆ ಸಾಕು? ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. 'ಯಾಕೆ ಬೇಕು?' ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಕೇಳಿದ ಕೂಡಲೇ ಮಗು ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಮೇಷ್ಟ್ರ ಮುಖ ನೋಡುತ್ತದೆ.

ಉಯ್ಯಾಲೆಯನ್ನೇ ತೆಗೆದುಕೊಳ್ಳಿ. ಮಲೆನಾಡು, ಕರಾವಳಿಯ ಪಂಚಾಯಿತಿಯಾದರೆ ಇದು ಬಹುಪಾಲು ಕಾಲುಸಂಕದ, ಅಂದರೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ಕಿರುಸೇತುವೆಯ ಮಾತು. ಉಯ್ಯಾಲೆ ಬಂದರೆ ಏನಾಗುತ್ತೆ ಎಂದರೆ 'ಎರಡೂ ಕಡೆ ಹಗ್ಗ ಹಿಡ್ಕೊಬಹುದು' ಎಂಬ ಉತ್ತರ ಬರುತ್ತದೆ. ಅಂದರೆ ಮಗು ಕೇಳುತ್ತಿರುವುದು ಆಟದ ಸಾಮಾನಲ್ಲ, ದಾಟುವಾಗ ಹಿಡಿದುಕೊಳ್ಳುವ ಕೈಹಿಡಿಕೆ. ಈಗ ಇರುವುದು ಎರಡು ಮೂರು ಅಡಿಕೆ ಮರ ಜೋಡಿಸಿದ ಸಂಕ, ಹಿಡಿದುಕೊಳ್ಳಲು ಒಂದೇ ಕಡೆ ಕಟ್ಟಿದ ಬಿದಿರು, ಅದೂ ದೊಡ್ಡವರ ಸೊಂಟದ ಎತ್ತರಕ್ಕೆ. ಎರಡನೇ ತರಗತಿಯ ಮಗುವಿಗೆ ಅದು ಹೆಗಲ ಮಟ್ಟಕ್ಕೆ ಬರುತ್ತದೆ. ಒಂದು ಕೈಯಲ್ಲಿ ಕೊಡೆ, ಬೆನ್ನಿಗೆ ಚೀಲ, ಕೊಡೆಗೆ ಗಾಳಿ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಬಿದ್ದು ಕೊಚ್ಚಿಹೋದದ್ದು ನಿಮಗೆ ನೆನಪಿರಬೇಕು. ಆಗ ಎಲ್ಲರೂ ಸೇತುವೆಯ ಮಾತಾಡಿದರು. ಸೇತುವೆ ಬೇಕು, ನಿಜ. ಆದರೆ ಸೇತುವೆಯ ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಮುಗಿಯುವಷ್ಟರಲ್ಲಿ ಎರಡು ಮೂರು ಮಳೆಗಾಲ ಕಳೆಯುತ್ತದೆ. ಉಯ್ಯಾಲೆ ಕೇಳಿದ ಮಗು ಈ ಮಳೆಗಾಲಕ್ಕೆ ಆಗುವ ಕೆಲಸವನ್ನು ಹೇಳಿದೆ.

ಆ ಕೆಲಸದ ವಿವರ ಹೀಗಿದೆ. ಎರಡೂ ಬದಿಗೆ ಕೈಹಿಡಿಕೆ, ಒಂದಲ್ಲ, ಎರಡು ಎತ್ತರದಲ್ಲಿ: ದೊಡ್ಡವರಿಗೆ ಮೂರು ಅಡಿ, ಚಿಕ್ಕವರಿಗೆ ಸುಮಾರು ಎರಡು ಅಡಿ. ಕೆಳಗಿನ ಸಂದಿಯನ್ನು ಬಲೆಯಿಂದಲೋ ನಿಲುವು ಪಟ್ಟಿಗಳಿಂದಲೋ ಮುಚ್ಚಬೇಕು, ಪಟ್ಟಿಗಳ ನಡುವೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ಜಾಗ ಇರಕೂಡದು, ಇಲ್ಲದಿದ್ದರೆ ಚಿಕ್ಕ ಮಗು ಅಲ್ಲಿಂದಲೇ ಜಾರುತ್ತದೆ. ಅಡ್ಡ ಪಟ್ಟಿ ಹಾಕಿದರೆ ಮಕ್ಕಳು ಏಣಿಯಂತೆ ಹತ್ತುತ್ತಾರೆ, ಅದಕ್ಕೇ ನಿಲುವು ಪಟ್ಟಿ. ಮರದ ಮೇಲೆ ಜೂನ್ ಕಳೆಯುವಷ್ಟರಲ್ಲಿ ಪಾಚಿ ಕಟ್ಟುತ್ತದೆ. ಕೋಳಿ ಗೂಡಿಗೆ ಬಳಸುವ ತಂತಿ ಬಲೆಯನ್ನು ಬಿಗಿಯಾಗಿ ಹೊಡೆದರೆ ಕಾಲಿಗೆ ಹಿಡಿತ ಸಿಗುತ್ತದೆ. ಮೊಳೆಯ ತಲೆ ಮೇಲೇಳದಂತೆ, ಬಲೆಯ ಅಂಚು ಮಡಚಿರುವಂತೆ ನೋಡಬೇಕು, ಇಲ್ಲದಿದ್ದರೆ ಪಾಚಿಯ ಬದಲು ತಂತಿಯೇ ಬೀಳಿಸುತ್ತದೆ. ಹಳ್ಳದ ಬದಿಯ ಬಂಡೆಗೋ ಕಂಬಕ್ಕೋ ಕೆಂಪು ಗೆರೆ ಎಳೆಯಿರಿ. ನೀರು ಆ ಗೆರೆ ಮುಟ್ಟಿದರೆ ಆ ದಿನ ದಾಟುವಂತಿಲ್ಲ, ಹಾಜರಿ ಕಡಿತವೂ ಇಲ್ಲ ಎಂದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮೊದಲೇ ನಿರ್ಣಯ ಮಾಡಿರಬೇಕು. ಆ ನಿರ್ಣಯ ಇಲ್ಲದಿದ್ದರೆ ಗೆರೆ ಇದ್ದೂ ಉಪಯೋಗವಿಲ್ಲ, ಹಾಜರಿಗೆ ಹೆದರಿ ಮಕ್ಕಳು ದಾಟಿಯೇ ದಾಟುತ್ತಾರೆ. ಇವೆಲ್ಲ ಪಂಚಾಯಿತಿಯ ಕೈಯಲ್ಲಿರುವ ಕೆಲಸಗಳು. ಸೇತುವೆಯ ಪ್ರಸ್ತಾವ ಅದರ ಪಾಡಿಗೆ ಮೇಲೆ ಹೋಗಲಿ.

ಮಾತಾಡುವ ಬೀದಿ ದೀಪದ ಒಳಗೆ ಇರುವುದು ಇನ್ನೂ ಅಗ್ಗದ ಕೆಲಸ. ಮಾತು ಬಂದರೆ ದೀಪ ಏನು ಹೇಳುತ್ತೆ ಎಂದು ಕೇಳಿ. 'ನನ್ನನ್ನು ಬೇಗ ಹಚ್ಚಿ ಅಂತ ಹೇಳುತ್ತೆ' ಎಂದರೆ ಸಮಸ್ಯೆ ಸ್ವಿಚ್‌ನದು. ನವೆಂಬರ್, ಡಿಸೆಂಬರ್‌ನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಸ್ವಿಚ್ ಹಾಕುವ ನೀರುಗಂಟಿ ತನ್ನ ಕೊನೆಯ ವಾಲ್ವ್ ತಿರುಗಿಸಿ ಬರುವಾಗ ಏಳೂವರೆ. ಟ್ಯೂಷನ್ ಬಿಟ್ಟ ಮಕ್ಕಳು ನಡೆಯುವುದು ಆ ನಡುವಿನ ಕತ್ತಲಲ್ಲಿ. 'ಕೆಟ್ಟಿದ್ದೀನಿ ಅಂತ ಹೇಳುತ್ತೆ' ಎಂದರೆ ಕಂಬಗಳಿಗೆ ನಂಬರ್ ಬರೆಸಿ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಅಲ್ಲೇ ಬರೆಸಿ. ಇವೆರಡರಲ್ಲಿ ಯಾವುದಕ್ಕೂ ಹೊಸ ದೀಪ ಬೇಕಿಲ್ಲ. ಪ್ರಶ್ನೆ ಕೇಳದೆ 'ದೀಪದ ಬೇಡಿಕೆ' ಎಂದು ಬರೆದುಕೊಂಡರೆ ಮುಂದಿನ ವರ್ಷ ಹೈಮಾಸ್ಟ್ ಒಂದು ದೇವಸ್ಥಾನದ ಮುಂದೆ ನಿಲ್ಲುತ್ತದೆ, ಟ್ಯೂಷನ್ ದಾರಿ ಕತ್ತಲಾಗಿಯೇ ಉಳಿಯುತ್ತದೆ.

'ಶೌಚಾಲಯಕ್ಕೆ ಕಾವಲು ದೆವ್ವ ಬೇಕು' ಎಂದು ಹೆಣ್ಣುಮಗು ಹೇಳಿದರೆ ಬಾಗಿಲಿನ ಚಿಲಕ ನೋಡಿ ಬನ್ನಿ. ಒಂದೋ ಮುರಿದಿರುತ್ತದೆ, ಇಲ್ಲವೇ ಅವಳ ಕೈಗೆ ಎಟುಕದಷ್ಟು ಮೇಲಿರುತ್ತದೆ. ಒಳಗೆ ಹೋದವಳಿಗಾಗಿ ಹೊರಗೆ ಒಬ್ಬ ಗೆಳತಿ ಬಾಗಿಲು ಹಿಡಿದು ನಿಲ್ಲಬೇಕು, ಗೆಳತಿ ಬರದ ದಿನ ಮಗು ನೀರು ಕುಡಿಯುವುದನ್ನೇ ಬಿಡುತ್ತದೆ. ಚಿಲಕವನ್ನು ಎರಡೂವರೆ ಅಡಿಗೆ ಇಳಿಸಿ, ಒಳಗೆ ಬಟ್ಟೆ ತೂಗುಹಾಕಲು ಒಂದು ಕೊಕ್ಕೆ ಹಾಕಿಸಿ, ದೊಡ್ಡ ಹುಡುಗಿಯರ ಶೌಚಾಲಯದಲ್ಲಿ ಮುಚ್ಚಳವಿರುವ ಬುಟ್ಟಿ ಇಡಿಸಿ. ಕೆಲವು ನೂರು ರೂಪಾಯಿಯ ಮಾತು. ಶೌಚಾಲಯ 'ಇದೆ' ಎಂದು ನಿಮ್ಮ ದಾಖಲೆ ಹೇಳುತ್ತಿರುತ್ತದೆ, ಅದೂ ಸುಳ್ಳಲ್ಲ.

ಇದು ನಾವು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದು, ಭಾರತ ಅದನ್ನು 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ ಎಂದು ಅದರ 12ನೇ ವಿಧಿ ಹೇಳುತ್ತದೆ. ದೆಹಲಿ, ಜಿನೀವಾಗಳ ಈ ಮಾತನ್ನು ಪಂಚಾಯಿತಿ ಕಟ್ಟೆಗೆ ಇಳಿಸಿದ್ದು ನಮ್ಮದೇ ಕುಂದಾಪುರ ಸೀಮೆ. ದುಡಿಯುವ ಮಕ್ಕಳ ಸಂಘಟನೆ ಭೀಮ ಸಂಘ 1990ರಲ್ಲಿ ಹುಟ್ಟಿತು. 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಬೆಂಬಲದಲ್ಲಿ ತೊಂಬತ್ತರ ದಶಕದಲ್ಲಿ ಕೆರಾಡಿಯಂಥ ಊರುಗಳಲ್ಲಿ ಮಕ್ಕಳ ಪಂಚಾಯಿತಿಗಳು ಬಂದವು. 2004ರ ಸುಮಾರಿಗೆ ಆ ತಾಲ್ಲೂಕಿನ ಐವತ್ತಕ್ಕೂ ಹೆಚ್ಚು ಪಂಚಾಯಿತಿಗಳ ಮಕ್ಕಳು ತಮ್ಮ ಊರುಗಳಿಗೆ ಐದು ವರ್ಷದ ಯೋಜನೆ ಬರೆದರು. 2006ರಲ್ಲಿ ರಾಜ್ಯ ಸರ್ಕಾರ ಮಕ್ಕಳ ಗ್ರಾಮಸಭೆಯನ್ನು ಎಲ್ಲ ಪಂಚಾಯಿತಿಗಳಿಗೂ ವಿಸ್ತರಿಸಿತು. ಹೊರಗಿನ ಉದಾಹರಣೆ ಬೇಕೆಂದರೆ ಇಟಲಿಯ ಫಾನೋ ಎಂಬ ಪಟ್ಟಣ 1991ರಿಂದ ಮಗುವನ್ನೇ ಅಳತೆಗೋಲಾಗಿಟ್ಟು ನಗರ ಯೋಜನೆ ಮಾಡಲು ಹೊರಟಿತು. ಆದರೆ ಉಯ್ಯಾಲೆಯ ಮಾತನ್ನು ಓದುವುದಕ್ಕೆ ಇಟಲಿಗೆ ಹೋಗಬೇಕಿಲ್ಲ.

ಇನ್ನು ತಯಾರಿಯ ವಿಷಯ. ಸಭೆ ಕೆಡುವುದು ಸಭೆಯ ದಿನ ಅಲ್ಲ, ತಾರೀಕು ಗೊತ್ತುಮಾಡಿದ ದಿನ.

ಪಂಚಾಯಿತಿ ಮುಂದಿನ ವರ್ಷದ ಕೆಲಸಗಳನ್ನು ಗೊತ್ತುಮಾಡುವ 'ನಮ್ಮ ಗ್ರಾಮ ನಮ್ಮ ಯೋಜನೆ'ಯ ಕೆಲಸ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಗ್ರಾಮಸಭೆ ಒಪ್ಪಿಗೆ ಕೊಟ್ಟಮೇಲೆ ಜನವರಿ ಕೊನೆಯಲ್ಲಿ ಮಕ್ಕಳ ಸಭೆ ಮಾಡಿದರೆ ಅದು ಊಟ ಮುಗಿದಮೇಲೆ ಅಡಿಗೆಗೆ ಏನು ಬೇಕು ಎಂದು ಕೇಳಿದಂತೆ. ಆದ್ದರಿಂದ ಮೊದಲು ನಿಮ್ಮ ಯೋಜನಾ ಗ್ರಾಮಸಭೆಯ ತಾರೀಕು ನೋಡಿ. ಅದರ ಹಿಂದೆ ಕನಿಷ್ಠ ಮೂರು ವಾರ ಬಿಟ್ಟು ಮಕ್ಕಳ ಸಭೆ ಇಡಿ, ಅದರ ಹಿಂದೆ ಆರು ವಾರ ತಯಾರಿಗೆ. ಮೂರು ವಾರ ಏಕೆಂದರೆ ಮಕ್ಕಳ ಬೇಡಿಕೆಗೆ ಇಂಜಿನಿಯರ್ ಅಂದಾಜು ಪಟ್ಟಿ ಮಾಡಲು ಅಷ್ಟು ಬೇಕು. ಅಂದಾಜು ಇಲ್ಲದ ಬೇಡಿಕೆ ಕ್ರಿಯಾ ಯೋಜನೆಯಲ್ಲಿ ಕೂರುವುದಿಲ್ಲ.

ತಯಾರಿಯ ಮೊದಲ ಕೆಲಸ ಊರು ಸುತ್ತುವುದು. ಎಂಟು ಹತ್ತು ಮಕ್ಕಳ ಗುಂಪು, ಜೊತೆಗೆ ಒಬ್ಬ ದೊಡ್ಡವರು. ಆ ದೊಡ್ಡವರು ಆ ಶಾಲೆಯ ಮೇಷ್ಟ್ರಾಗದಿದ್ದರೆ ಒಳ್ಳೆಯದು. ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರು, ಪಕ್ಕದ ಊರಿನ ಅಂಗನವಾಡಿ ಕಾರ್ಯಕರ್ತೆ, ಕಾಲೇಜಿಗೆ ಹೋಗುವ ಅಕ್ಕ ಅಣ್ಣಂದಿರು ಸಾಕು. 6ರಿಂದ 9, 10ರಿಂದ 13, 14ರಿಂದ 18 ಎಂದು ವಯಸ್ಸಿನ ಪ್ರಕಾರ ಗುಂಪು ಮಾಡಿ. ಒಟ್ಟಿಗೆ ಬಿಟ್ಟರೆ ಹತ್ತನೇ ತರಗತಿಯವರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಹತ್ತು ದಾಟಿದ ಮಕ್ಕಳಲ್ಲಿ ಮೊದಲ ಸುತ್ತು ಹುಡುಗಿಯರದೇ ಬೇರೆ ಗುಂಪು ಇರಲಿ. ಜೊತೆಗೆ ಹೋಗುವ ದೊಡ್ಡವರು ಒಂದು ಅಳತೆಪಟ್ಟಿ ಒಯ್ಯಬೇಕು. ಆರೋಗ್ಯವಂತ ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂಟಿಮೀಟರ್. ಅಂಗನವಾಡಿ ದಾರಿಯಲ್ಲಿ ಆ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಒಮ್ಮೆ ನೋಡಿ: ನಲ್ಲಿ ಎಲ್ಲಿದೆ, ಚರಂಡಿಯ ಚಪ್ಪಡಿ ಎಲ್ಲಿ ತೆರೆದಿದೆ, ತಿರುವಿನಲ್ಲಿ ಬರುವ ಟ್ರ್ಯಾಕ್ಟರ್ ಕಾಣುತ್ತದೋ ಬೇಲಿ ಮಾತ್ರ ಕಾಣುತ್ತದೋ. ಸದಸ್ಯರೇ ಯಾರಾದರೂ ಕೂತು ನೋಡಿದರೆ ಇನ್ನೂ ಒಳ್ಳೆಯದು, ಮಂಡಿ ನೋವಿದ್ದವರಿಗೆ ವಿನಾಯಿತಿ.

ಸುತ್ತಿ ಬಂದಮೇಲೆ ನಕ್ಷೆ. ಕಾಗದದ ಮೇಲೆ ಶುರುಮಾಡಬೇಡಿ. ಡ್ರಾಯಿಂಗ್ ಶೀಟ್ ಕೊಟ್ಟರೆ ಚೆನ್ನಾಗಿ ಚಿತ್ರ ಬರೆಯುವ ಒಂದೇ ಮಗು ಅದನ್ನು ಹಿಡಿದುಕೊಳ್ಳುತ್ತದೆ. ಶಾಲೆಯ ಅಂಗಳದಲ್ಲಿ ಹದಿನೈದು ಅಡಿ ಉದ್ದ, ಅಷ್ಟೇ ಅಗಲ ಜಾಗ ಗುಡಿಸಿ, ಎರಡು ಮೂರು ಕೆ.ಜಿ. ರಂಗೋಲಿ ಪುಡಿ, ಸುಣ್ಣ, ಇಟ್ಟಿಗೆ ಚೂರು, ಎಲೆ, ಬೆಂಕಿಪೊಟ್ಟಣ ಕೊಡಿ. ಮೊದಲು ಶಾಲೆ, ಆಮೇಲೆ ಪ್ರತಿ ಮಗುವಿನ ಮನೆಯಿಂದ ಶಾಲೆಗೆ ಬರುವ ದಾರಿ. ಭಯವಾಗುವ ಜಾಗಕ್ಕೆ ಕೆಂಪು, ಖುಷಿಯ ಜಾಗಕ್ಕೆ ಹಳದಿ, ಹೋಗಬೇಡ ಎಂದು ಬೈಸಿಕೊಂಡ ಜಾಗಕ್ಕೆ ಕಪ್ಪು. ಕಪ್ಪು ಗುರುತುಗಳನ್ನು ಬಿಟ್ಟುಬಿಡಬೇಡಿ. ಕೆರೆ ಏರಿ, ಸಾರಾಯಿ ಕುಡಿಯುವ ಕಟ್ಟೆ, ಪಾಳುಬಿದ್ದ ಸಮುದಾಯ ಭವನ ಅಲ್ಲಿರುತ್ತವೆ. ಯಾವ ಕೇರಿಯ ಮಕ್ಕಳಿಗೆ ಯಾವ ಬಾವಿಕಟ್ಟೆ, ಯಾವ ದೇವಸ್ಥಾನದ ಅಂಗಳ ಕಪ್ಪಾಗಿದೆ ಎಂಬುದೂ ಅಲ್ಲೇ ಕಾಣುತ್ತದೆ. ಅದನ್ನು ನೋಡಲು ಸ್ವಲ್ಪ ಧೈರ್ಯ ಬೇಕು. ಕೊನೆಗೆ ನಕ್ಷೆಯ ಫೋಟೊ ಮೇಲಿನಿಂದ ತೆಗೆದು, ಹಾಳೆಗೆ ಇಳಿಸಿ, ವಾರ್ಡ್ ಹೆಸರು ಮತ್ತು ತಾರೀಕು ಬರೆಯಿರಿ. ಗಾಳಿ ಬಂದರೆ ರಂಗೋಲಿ ಹಾರುತ್ತದೆ, ಬೆಳಗ್ಗೆಯೇ ಮಾಡಿ.

ನವೆಂಬರ್‌ನಲ್ಲಿ ಮಾಡುವ ನಕ್ಷೆಗೆ ಒಂದು ದೋಷ ಇದ್ದೇ ಇರುತ್ತದೆ: ಆಗ ದಾರಿ ಒಣಗಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ, ಹೊಲದಲ್ಲಿ ಪೈರಿರುತ್ತದೆ. ಜೂನ್‌ನ ಕೆಸರು, ಏಪ್ರಿಲ್‌ನ ನೀರಿನ ಸಾಲು ಯಾರ ಮನಸ್ಸಿಗೂ ಬರುವುದಿಲ್ಲ. ಇಲ್ಲಿ ಕಲ್ಪನೆಯೇ ಕೆಲಸಕ್ಕೆ ಬರಬೇಕು. ಯುಗಾದಿಯಿಂದ ಶುರುಮಾಡಿ ಹನ್ನೆರಡು ಕಲ್ಲು ಸಾಲಾಗಿಟ್ಟು, ಒಂದೊಂದು ಕಲ್ಲಿನ ಹತ್ತಿರ ನಿಂತಾಗಲೂ ಒಂದೊಂದು ವೇಷ ಹಾಕಿಸಿ. ಬೇಸಿಗೆಯ ಕಲ್ಲಿನ ಹತ್ತಿರ ಒಬ್ಬರು ಬೋರ್‌ವೆಲ್ ಆಗಲಿ, 'ಇವತ್ತು ನನ್ನ ಹತ್ತಿರ ಯಾರು ಬಂದರು, ಎಷ್ಟು ಹೊತ್ತು ನಿಂತರು' ಎಂದು ಹೇಳಲಿ. ಮಳೆಗಾಲದಲ್ಲಿ ಒಬ್ಬರು ಬಸ್ಸಾಗಲಿ, ಎಲ್ಲಿ ಹೂತುಕೊಂಡೆ ಎಂದು ತೋರಿಸಲಿ. ಸುಗ್ಗಿಯ ಕಲ್ಲಿನ ಹತ್ತಿರ ಒಂದು ಖಾಲಿ ಬೆಂಚು ಮಾತಾಡಲಿ: ನನ್ನ ಮೇಲೆ ಕೂರುವವರು ಎಲ್ಲಿ ಹೋದರು? ಕಬ್ಬು ಕಡಿಯಲು ಹೋದರೋ, ಹತ್ತಿ ಬಿಡಿಸಲು ಹೋದರೋ, ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದರೋ. ನೇರವಾಗಿ 'ನಿನ್ನನ್ನು ಕೆಲಸಕ್ಕೆ ಕಳಿಸುತ್ತಾರಾ' ಎಂದರೆ ಇಲ್ಲ ಎನ್ನುವ ಮಗು, ಬೆಂಚಿನ ಬಾಯಲ್ಲಿ ಹೌದು ಎನ್ನುತ್ತದೆ. ವೇಷದ ಉಪಯೋಗ ಇದೇ. ರಂಜನೆ ಬೇರೆ.

ಎಲ್ಲವನ್ನೂ ಕೇಳಿಸಿಕೊಂಡರೆ ಪಟ್ಟಿ ಉದ್ದವಾಗುತ್ತದೆ, ಆಮೇಲೆ ಮಕ್ಕಳಿಗೆ ನಿರಾಸೆಯಾಗುತ್ತದೆ ಎಂದು ಕೆಲವು ಪಿಡಿಒಗಳು ಹೇಳುವುದುಂಟು. ಮಕ್ಕಳಿಗೆ ಬಜೆಟ್ ತೋರಿಸದಿದ್ದರೆ ಮಾತ್ರ ಹಾಗಾಗುತ್ತದೆ. ನೂರು ಹುಣಸೆಬೀಜ ತೆಗೆದುಕೊಳ್ಳಿ. ಮಕ್ಕಳ ಬೇಡಿಕೆಗಳಿಗೆ ಈ ವರ್ಷ ಐದು ಲಕ್ಷ ಇಡಬಹುದು ಎಂದಾದರೆ ಒಂದು ಬೀಜಕ್ಕೆ ಐದು ಸಾವಿರ. ಬೇಡಿಕೆಗಳ ಚಿತ್ರಗಳನ್ನು ನೆಲಕ್ಕೆ ಹರಡಿ, ಪ್ರತಿಯೊಂದರ ಮೇಲೂ ಅದು ಎಷ್ಟು ಬೀಜದ ಕೆಲಸ ಎಂದು ಬರೆಯಿರಿ. ಈ ಅಂಕಿಯನ್ನು ನಿಮ್ಮ ಇಂಜಿನಿಯರ್ ಹತ್ತಿರವೇ ಬರೆಸಿ, ಊಹೆಯಲ್ಲಿ ಬರೆಯಬೇಡಿ. ಮಕ್ಕಳು ಗುಂಪಾಗಿ ಬೀಜ ಹಂಚಲಿ. ದುಬಾರಿ ಸ್ವಾಗತ ಕಮಾನು ಪಕ್ಕಕ್ಕೆ ಹೋಗಿ, ನಾಲ್ಕಾರು ಚಿಕ್ಕ ಕೆಲಸಗಳು ಒಳಗೆ ಬರುವುದನ್ನು ನೀವೇ ನೋಡುತ್ತೀರಿ. ಕೊನೆಯ ಆಯ್ಕೆಗೆ ಗುಟ್ಟಾದ ಮತ ಇರಲಿ: ಪರದೆಯ ಹಿಂದೆ ಡಬ್ಬಿಗಳು, ಡಬ್ಬಿಯ ಮೇಲೆ ಚಿತ್ರ, ಒಬ್ಬೊಬ್ಬರಿಗೆ ಮೂರು ಕಲ್ಲು. ಕೈ ಎತ್ತಿಸಿದರೆ ಮುಖ್ಯೋಪಾಧ್ಯಾಯರು ಎಲ್ಲಿ ನೋಡುತ್ತಾರೋ ಅಲ್ಲಿಗೆ ಎಲ್ಲ ಕೈ ಏಳುತ್ತವೆ. ಹುಡುಗಿಯರ ಕಲ್ಲಿಗೆ ಬೇರೆ ಬಣ್ಣ ಹಚ್ಚಿದರೆ, ಮೈದಾನ ಮೊದಲ ಸ್ಥಾನಕ್ಕೆ ಬಂದದ್ದು ಯಾರಿಂದ, ಚಿಲಕದ ಬೇಡಿಕೆ ಪಟ್ಟಿಯಲ್ಲಿ ಕೆಳಗೆ ಹೋದದ್ದು ಏಕೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ.

'ಒಂದು ದಿನದ ಅಧ್ಯಕ್ಷೆ' ಎಂದು ಮಗುವನ್ನು ಕುರ್ಚಿಯಲ್ಲಿ ಕೂರಿಸಿ ಫೋಟೊ ತೆಗೆಯುವ ಪದ್ಧತಿ ಈಗ ಹೆಚ್ಚಾಗಿದೆ. ಬೀಜಗಳಿಲ್ಲದ ಕುರ್ಚಿ ಅದು. ಬಿಟ್ಟರೂ ನಷ್ಟವಿಲ್ಲ.

ಶಾಲೆಯಲ್ಲಿ ಇಲ್ಲದ ಮಕ್ಕಳ ಮಾತು ಬೇರೆಯೇ. ಹೈಸ್ಕೂಲು ಆವರಣದಲ್ಲಿ ಸಭೆ ಇಟ್ಟರೆ ಬರುವುದು ಹೈಸ್ಕೂಲಿನವರು ಮತ್ತು ಬಲವಂತಕ್ಕೆ ಕರೆತಂದ ಪ್ರಾಥಮಿಕ ಶಾಲೆಯವರು. ತಾಂಡಾ, ಹಟ್ಟಿ, ಹಾಡಿ, ಇಟ್ಟಿಗೆ ಭಟ್ಟಿ, ಕಬ್ಬಿನ ಗ್ಯಾಂಗಿನ ಗುಡಿಸಲು, ಕಾಫಿ ತೋಟದ ಲೈನ್ ಮನೆಗಳಲ್ಲಿ ಇರುವ ಮಕ್ಕಳಿಗೆ ಅಲ್ಲೇ ಹೋಗಿ, ಸಂಜೆ ಕೆಲಸ ಮುಗಿಯುವ ಹೊತ್ತಿಗೆ, ಒಂದು ಚಿಕ್ಕ ಸುತ್ತು ಮಾಡಬೇಕು. ಬೇರೆ ರಾಜ್ಯದಿಂದ ಬಂದವರಾದರೆ ಭಾಷೆ ಬರುವ ಒಬ್ಬರು ಜೊತೆಗಿರಲಿ. ಚಿತ್ರ, ಕಲ್ಲು, ವೇಷಗಳಿಗೆ ಅಕ್ಷರ ಬೇಕಿಲ್ಲ ಎಂಬುದು ಇಲ್ಲಿ ದೊಡ್ಡ ಅನುಕೂಲ. ಅಂಗವಿಕಲ ಮಕ್ಕಳ ವಿಷಯದಲ್ಲಿ ಒಂದೇ ಮಾತು: ಅವರನ್ನು ಕರೆತರುವ ವಾಹನದ ಖರ್ಚನ್ನು ಬ್ಯಾನರ್ ಖರ್ಚಿಗಿಂತ ಮೊದಲು ಬರೆಯಿರಿ.

ಮಕ್ಕಳು ತಮ್ಮ ಮಾತನ್ನು ಚೀಟಿಯಲ್ಲಿ ಬರೆದು ಹಾಕುವ ಮಕ್ಕಳ ಪೆಟ್ಟಿಗೆ ಇಡುವ ಪಂಚಾಯಿತಿಗಳಿವೆ. ಒಳ್ಳೆಯದೇ. ಆದರೆ ಮುಖ್ಯೋಪಾಧ್ಯಾಯರ ಕೊಠಡಿಯ ಬಾಗಿಲಲ್ಲಿ ಇಟ್ಟರೆ ಖಾಲಿಯಾಗಿಯೇ ಇರುತ್ತದೆ. ನೀರು ಕುಡಿಯುವ ಜಾಗ, ಅರಿವು ಕೇಂದ್ರದ ಒಳಗಿನ ಮೂಲೆ ಸರಿ. ಬೀಗಕ್ಕೆ ಎರಡು ಕೀಲಿ, ಒಂದು ಪಂಚಾಯಿತಿಯಲ್ಲಿ, ಒಂದು ಮಕ್ಕಳ ಪ್ರತಿನಿಧಿಯ ಹತ್ತಿರ, ಎರಡೂ ಇದ್ದರೆ ಮಾತ್ರ ತೆರೆಯುವಂತಿರಲಿ. ಚೀಟಿಗಳನ್ನು ತೆರೆದ ಕೂಡಲೇ ಮೈಕಿನಲ್ಲಿ ಓದಬೇಡಿ. ಹೊಡೆತ, ಮುಟ್ಟಿದ್ದು, ಮದುವೆ ಗೊತ್ತುಮಾಡಿದ್ದು, ಇಂಥವನ್ನು ಮಕ್ಕಳು ಚೀಟಿಯಲ್ಲೇ ಬರೆಯುವುದು. ಸಭೆಯಲ್ಲಿ ಓದಿದರೆ ಕೈಬರಹದಿಂದಲೇ ಊರು ಮಗುವನ್ನು ಗುರುತಿಸುತ್ತದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಪಂಚಾಯಿತಿಯಲ್ಲಿ ಕೂತು ರಾಜಿ ಮಾಡುವ ವಿಷಯ ಅಲ್ಲ. ಮಕ್ಕಳ ಸಹಾಯವಾಣಿ 1098 ಪೆಟ್ಟಿಗೆಯ ಮೇಲೆಯೇ ದೊಡ್ಡದಾಗಿ ಬರೆದಿರಲಿ.

ಸಭೆಯ ದಿನಕ್ಕೆ ಹೆಚ್ಚು ಹೇಳುವುದಿಲ್ಲ. ಎರಡೂವರೆ ಗಂಟೆ ಸಾಕು, ಉದ್ಘಾಟನೆಗೆ ಹತ್ತು ನಿಮಿಷ, 'ಇಂದಿನ ಮಕ್ಕಳೇ ನಾಳಿನ ಪ್ರಜೆಗಳು' ಭಾಷಣಕ್ಕೆ ಸೊನ್ನೆ ನಿಮಿಷ. ಅವರು ಇಂದೂ ಪ್ರಜೆಗಳೇ. ವೇದಿಕೆ ಬೇಡ, ಎಲ್ಲರೂ ಒಂದೇ ಮಟ್ಟದಲ್ಲಿ ಕೂರಿ. ನಕ್ಷೆ ಮತ್ತು ಬೀಜದ ಹಾಳೆಗಳು ಎದುರಿಗಿರಲಿ, ಬರೆದುಕೊಟ್ಟ ಭಾಷಣ ಓದುವ ಮಗು ಬಂದರೆ ಹಾಳೆ ಪಕ್ಕಕ್ಕಿಟ್ಟು ನಕ್ಷೆಯ ಮೇಲೆ ತೋರಿಸಲು ಹೇಳಿ. ಇಲಾಖೆಯವರನ್ನು ಕರೆಯುವಾಗ ಬೇಡಿಕೆಗಳನ್ನು ಒಂದು ವಾರ ಮೊದಲೇ ಕಳಿಸಿ. 'ಮೇಲಧಿಕಾರಿಗಳ ಗಮನಕ್ಕೆ ತರುತ್ತೇನೆ' ಎನ್ನಲು ಆಗ ಅವರಿಗೆ ಕಾರಣ ಇರುವುದಿಲ್ಲ.

ಉತ್ತರ ಕೊಡುವುದರಲ್ಲಿ ಎಲ್ಲವೂ ನಿಂತಿದೆ. 'ಪರಿಶೀಲಿಸಲಾಗುವುದು' ಎಂಬ ಪದವನ್ನು ಮಕ್ಕಳ ಸಭೆಯ ನಡಾವಳಿಯಲ್ಲಿ ಬಳಸದಿರಿ ಎಂದು ಕೇಳಿಕೊಳ್ಳುತ್ತೇವೆ. ಒಂದೊಂದು ಬೇಡಿಕೆಯನ್ನೂ ಮೂರರಲ್ಲಿ ಒಂದು ಬುಟ್ಟಿಗೆ ಅಲ್ಲೇ ಹಾಕಿ. ಮೂವತ್ತು ದಿನದಲ್ಲಿ ಪಂಚಾಯಿತಿಯೇ ಮಾಡುವುದು: ಸ್ವಿಚ್ಚಿನ ಸಮಯ, ಚಿಲಕ, ಕಂಬದ ನಂಬರ್, ತೆರೆದ ಚಪ್ಪಡಿ. ಇದಕ್ಕೆ ಸ್ವಂತ ತೆರಿಗೆಯ ಹಣ ಸಾಕು. ಮುಂದಿನ ಕ್ರಿಯಾ ಯೋಜನೆಗೆ ಹೋಗುವುದು: ಇಲ್ಲಿ ಅನುದಾನದ ನಿಯಮ ನೋಡಿಕೊಳ್ಳಬೇಕು. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಪಂಚಾಯಿತಿ ಅನುದಾನದ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ನೀರಿನ ತೊಟ್ಟಿ, ಕೈತೊಳೆಯುವ ಸಾಲು, ಶೌಚಾಲಯದ ಬೇಡಿಕೆಗಳಿಗೆ ಹಣ ಇಲ್ಲ ಎಂಬ ಉತ್ತರ ಆಗಲೂ ಸರಿಯಾಗಿರಲಿಲ್ಲ. ಶಾಲಾ ಕಾಂಪೌಂಡ್, ಮೈದಾನಗಳು ಉದ್ಯೋಗ ಖಾತರಿಯಡಿ ಎಷ್ಟೋ ಕಡೆ ಆಗಿವೆ. ಇನ್ನು ಮೂರನೆಯದು, ಬೇರೆ ಇಲಾಖೆಯದು: ಬಸ್ಸಿನ ಸಮಯ ಡಿಪೊ ಮ್ಯಾನೇಜರ್‌ಗೆ, ಶಿಕ್ಷಕರ ಕೊರತೆ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ), ಜೋತುಬಿದ್ದ ತಂತಿ ವಿದ್ಯುತ್ ಕಂಪನಿಯ (ಎಸ್ಕಾಂ) ಶಾಖಾಧಿಕಾರಿಗೆ. ಪತ್ರ ಬರೆದರೆ ಸಾಲದು, ಆ ಪತ್ರದ ಒಂದು ಪ್ರತಿ ಬೇಡಿಕೆ ಇಟ್ಟ ಗುಂಪಿಗೆ ಕೊಡಿ. ಬಸ್ ಬೇಡಿಕೆಯಲ್ಲಿ ಯಾವ ನಿಲ್ದಾಣದಲ್ಲಿ ಎಷ್ಟು ಮಕ್ಕಳು ಯಾವ ಹೊತ್ತಿಗೆ ಕಾಯುತ್ತಾರೆ ಎಂದು ಒಂದು ವಾರ ಮಕ್ಕಳೇ ಬರೆದ ಲೆಕ್ಕ ಲಗತ್ತಿಸಿದರೆ ಡಿಪೊದವರಿಗೂ ಉತ್ತರ ಕೊಡದೆ ಇರುವುದು ಕಷ್ಟ.

ಆಗದ್ದನ್ನು ಆಗುವುದಿಲ್ಲ ಎಂದೇ ಬರೆಯಿರಿ, ಕಾರಣದ ಜೊತೆಗೆ. ಜಾಗದ ತಕರಾರು ಕೋರ್ಟಿನಲ್ಲಿದೆ ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ಎರಡು ವರ್ಷ ಸತತವಾಗಿ ಕೇಳಿ ಏನೂ ಉತ್ತರ ಬಾರದಿದ್ದರೆ ಮೂರನೇ ವರ್ಷ ಅವರು ಕಾಂಪೌಂಡ್, ಶೌಚಾಲಯ, ಮೈದಾನ ಎಂದಷ್ಟೇ ಹೇಳುತ್ತಾರೆ. ಆಗ ಸಭೆ ಬಹಳ ಶಿಸ್ತಾಗಿ ನಡೆಯುತ್ತದೆ, ಯಾರೂ ನಗುವುದಿಲ್ಲ.

ಯಾವ ಬೇಡಿಕೆಗೆ ಏನಾಯಿತು ಎಂಬ ಅನುಪಾಲನಾ ವರದಿಯನ್ನು ಓದಬೇಕಾದ ದಿನ ಮುಂದಿನ ನವೆಂಬರ್ ಅಲ್ಲ, ಮೇ ಕೊನೆ, ಶಾಲೆ ತೆರೆಯುವ ವಾರ. ಮಳೆಗೆ ಮೊದಲು ಸಂಕ, ಚಪ್ಪಡಿ, ತಂತಿಗಳನ್ನು ಅದೇ ಮಕ್ಕಳ ಗುಂಪಿನ ಜೊತೆ ಮತ್ತೊಮ್ಮೆ ನೋಡಿ ಬನ್ನಿ, ಆದದ್ದಕ್ಕೆ ಅವರ ಸಹಿ ತೆಗೆದುಕೊಳ್ಳಿ. ಗುತ್ತಿಗೆದಾರನ ಬಿಲ್ಲಿಗೆ ಮೊದಲು ಆ ಸಹಿ ಇರಬೇಕು ಎಂಬ ನಿರ್ಣಯವನ್ನು ಪಂಚಾಯಿತಿ ಸಾಮಾನ್ಯ ಸಭೆಯಲ್ಲಿ ಮಾಡಿಕೊಂಡರೆ ಇನ್ನೂ ಗಟ್ಟಿ. ಕೈಹಿಡಿಕೆ ಎರಡು ಅಡಿ ಎತ್ತರದಲ್ಲಿದೆಯೋ ಇಲ್ಲವೋ ಎಂದು ಇಂಜಿನಿಯರ್‌ನ ಅಳತೆಪುಸ್ತಕಕ್ಕಿಂತ ಚೆನ್ನಾಗಿ ಹೇಳಬಲ್ಲವರು ಅದನ್ನು ಹಿಡಿದು ದಾಟುವವರೇ.

ಈ ವರ್ಷದ ತಾರೀಕು ಗೊತ್ತುಮಾಡುವ ಮೊದಲು ಕಳೆದ ವರ್ಷದ ಮಕ್ಕಳ ಸಭೆಯ ನಡಾವಳಿ ತೆರೆಸಿ. ಬೇಡಿಕೆ ಎಷ್ಟು, ಉತ್ತರ ಎಷ್ಟಕ್ಕೆ, ಕೆಲಸ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಸಿ, ಶಾಲೆ, ಅಂಗನವಾಡಿ ಮತ್ತು ಅರಿವು ಕೇಂದ್ರದ ಗೋಡೆಗೆ ಅಂಟಿಸಿ. ಅದರ ಕೆಳಗೆ ಅರ್ಧ ಹಾಳೆ ಖಾಲಿ ಬಿಡಿ. ಆಗ ಬರೆದುಕೊಳ್ಳದೆ ಬಿಟ್ಟ ಮಾತುಗಳು ಯಾವುವು ಎಂದು ಮಕ್ಕಳನ್ನೇ ಕೇಳಿ ಅಲ್ಲಿ ಬರೆಸಿ.

ಇತಿ,
ಮಕ್ಕಳ ಗ್ರಾಮಸಭೆಗಳ ತಯಾರಿಯಲ್ಲಿ ತೊಡಗಿಕೊಂಡಿರುವವರು